ಮಾಸ್ಕ್, ಸಿಲಿಂಡರ್ ಇದ್ದರೆ ಸಾಕೇ? ಮೊದಲ ಸಲ ಸ್ಕೂಬಾಗೆ ಹೊರಟ ಕೋಲಾರದವರು ತಿಳಿಯಬೇಕಾದ್ದು

ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಗೆ ಸ್ಕೂಬಾ ಡೈವಿಂಗ್ ಲೇಖನ ಯಾಕೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಮೊಬೈಲ್‌ನಲ್ಲೇ ಇದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗರು ವಾರಾಂತ್ಯಕ್ಕೆ ಟಿಟಿ ಮಾಡಿಕೊಂಡು ಮುರುಡೇಶ್ವರಕ್ಕೆ ಹೋಗುತ್ತಾರೆ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ. ಪುನೀತ್ ರಾಜ್‌ಕುಮಾರ್ ಅವರ 2022ರ ‘ಗಂಧದ ಗುಡಿ’ಯಲ್ಲಿ ಆ ನೀರೊಳಗಿನ ಲೋಕವನ್ನು ಕಂಡ ಮೇಲಂತೂ ನೇತ್ರಾಣಿ ಹೆಸರು ಕೇಳದವರು ಕಡಿಮೆ. ಹೋಗಿ ಬಂದವರ ರೀಲ್ ನೋಡಿದವರಿಗೆ ಮುಂದಿನ ವಿಡಿಯೋ ತಾನಾಗಿಯೇ ಬರುತ್ತದೆ: ‘ಇಷ್ಟೆಲ್ಲ ಸಾಮಾನು ಬೇಕಿಲ್ಲ, ಮಾಸ್ಕ್ ಮತ್ತು ಸಣ್ಣ ಸಿಲಿಂಡರ್ ಸಾಕು, ಉಳಿದದ್ದೆಲ್ಲ ದುಡ್ಡು ಮಾಡುವ ದಂಧೆ.’

ಈ ಮಾತಿಗೆ ಒಂದು ತತ್ವದ ಬಣ್ಣವೂ ಇದೆ. ಇಂಗ್ಲಿಷ್‌ನಲ್ಲಿ ಅದನ್ನು ಮಿನಿಮಲಿಸಂ ಎನ್ನುತ್ತಾರೆ. ಕಡಿಮೆ ವಸ್ತು, ಕಡಿಮೆ ತಲೆನೋವು. ಮನೆಗೆ, ಬಟ್ಟೆಗೆ, ಮದುವೆ ಖರ್ಚಿಗೆ ಇದು ಒಳ್ಳೆಯ ಮಾತೇ. ನೀರೊಳಗೆ ಇಳಿಯುವವರಿಗೂ ಅನ್ವಯಿಸುತ್ತದೆಯೇ?

ಚಿಕ್ಕದಾಗಿ ಹೇಳಬೇಕೆಂದರೆ, ಕೊಳ್ಳುವ ವಿಷಯದಲ್ಲಿ ಅನ್ವಯಿಸುತ್ತದೆ, ತೊಡುವ ವಿಷಯದಲ್ಲಿ ಇಲ್ಲ. ಈ ಎರಡನ್ನು ಬೆರೆಸಿದ ಫಾರ್ವರ್ಡ್ ನಂಬಿದರೆ ಜೀವಕ್ಕೇ ಅಪಾಯ. ಹೇಗೆಂದು ನೋಡೋಣ.

ಅದು ಆಕ್ಸಿಜನ್ ಸಿಲಿಂಡರ್ ಅಲ್ಲ

ಮೊದಲು ಒಂದು ಸಾಮಾನ್ಯ ತಪ್ಪು ತಿಳಿವಳಿಕೆ. ಪತ್ರಿಕೆಗಳಲ್ಲೂ ‘ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದರು’ ಎಂದು ಬರೆಯುತ್ತಾರೆ. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ. ಶೇ 21 ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ. ಅದನ್ನು ಒತ್ತಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನು ಸುಮಾರು 6 ಮೀಟರ್‌ಗಿಂತ ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಬಹುದು, ಮೈ ಸೆಟೆದು ಫಿಟ್ಸ್ ಬರಬಹುದು. ನೀರೊಳಗೆ ಫಿಟ್ಸ್ ಬಂದರೆ ಬಾಯಲ್ಲಿ ಕಚ್ಚಿದ ನಳಿಗೆ ಜಾರುತ್ತದೆ, ಮುಂದೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್‌ಗೆ ಪೈಪ್ ಜೋಡಿಸಿಕೊಂಡು ಬಾವಿಗಿಳಿಯುವ ‘ದೇಸಿ ಜುಗಾಡ್’ ವಿಡಿಯೋ ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಪೈಪ್ ಎಳೆದು ಉಸಿರಾಡುವುದೂ ಹೀಗೇ. ಅದು ಟೈರಿಗೆ ಗಾಳಿ ಹೊಡೆಯಲು ಮಾಡಿದ್ದು. ಎಣ್ಣೆಯ ಆವಿ ಗಾಳಿಯಲ್ಲಿ ಸೇರುತ್ತದೆ, ಪಕ್ಕದಲ್ಲಿ ಎಂಜಿನ್ ಓಡುತ್ತಿದ್ದರೆ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕೂಡ ಸೇರಬಹುದು. ಈ ಅನಿಲಕ್ಕೆ ವಾಸನೆಯಿಲ್ಲ.

ನೀರಿನ ಭಾರದ ಲೆಕ್ಕ

ಸಲಕರಣೆ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಅಂಗಡಿಯವರೂ ಅಲ್ಲ, ರೀಲ್ ಮಾಡುವವರೂ ಅಲ್ಲ, ಒತ್ತಡ. ಸಮುದ್ರ ಮಟ್ಟದಲ್ಲಿ ನಮ್ಮ ಮೇಲೆ ಒಂದು ವಾತಾವರಣದಷ್ಟು ಒತ್ತಡ ಇರುತ್ತದೆ. ನೀರೊಳಗೆ ಪ್ರತಿ 10 ಮೀಟರ್‌ಗೆ ಇನ್ನೊಂದು ಅಷ್ಟೇ ಒತ್ತಡ ಸೇರುತ್ತದೆ. 10 ಮೀಟರ್ ಆಳದಲ್ಲಿ ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು.

ಒತ್ತಡ ಎರಡು ಪಟ್ಟಾದರೆ ಗಾಳಿ ಅರ್ಧ ಜಾಗಕ್ಕೆ ಕುಗ್ಗುತ್ತದೆ. ಹೈಸ್ಕೂಲಿನಲ್ಲಿ ಓದಿದ ಬಾಯ್ಲ್ ನಿಯಮ ಇದೇ. ಹಾಗಾಗಿ 10 ಮೀಟರ್ ಆಳದಲ್ಲಿ ಒಮ್ಮೆ ಶ್ವಾಸಕೋಶ ತುಂಬಿಕೊಳ್ಳಲು ಮೇಲಿನದಕ್ಕಿಂತ ಎರಡರಷ್ಟು ಗಾಳಿ ಬೇಕು.

ಈಗ ಸಣ್ಣ ಸಿಲಿಂಡರ್ ವಿಡಿಯೋಗೆ ಬರೋಣ. ಆನ್‌ಲೈನ್‌ನಲ್ಲಿ ಸಿಗುವ ಅರ್ಧ ಲೀಟರ್ ಸಿಲಿಂಡರ್ ನೋಡಲು ಚೆನ್ನಾಗಿದೆ, ನೀರಿನ ಬಾಟಲಿಯಷ್ಟೇ ಇದೆ. 200 ಬಾರ್ ಒತ್ತಡದಲ್ಲಿ ತುಂಬಿದರೆ ಅದರಲ್ಲಿ 100 ಲೀಟರ್ ಗಾಳಿ ಹಿಡಿಯುತ್ತದೆ. ಶಾಂತವಾಗಿರುವ ಮನುಷ್ಯ ನೀರಲ್ಲಿ ನಿಮಿಷಕ್ಕೆ ಸುಮಾರು 20 ಲೀಟರ್ ಉಸಿರಾಡುತ್ತಾನೆ ಎಂದಿಟ್ಟುಕೊಂಡರೆ ನೀರಿನ ಮೇಲ್ಮೈಯಲ್ಲಿ ಐದು ನಿಮಿಷ. 10 ಮೀಟರ್ ಆಳದಲ್ಲಿ ಎರಡೂವರೆ ನಿಮಿಷ. ಮೊದಲ ಸಲ ಇಳಿದವರು ಶಾಂತವಾಗಿರುವುದಿಲ್ಲ, ಎದೆ ಹೊಡೆದುಕೊಳ್ಳುತ್ತಿರುತ್ತದೆ. 30 ಲೀಟರ್ ಎಂದು ಲೆಕ್ಕ ಹಾಕಿ, ಎರಡು ನಿಮಿಷವೂ ಸಿಗದು. ಉಸಿರು ಹೊರಬಿಡುತ್ತಾ ನಿಧಾನವಾಗಿ ಮೇಲೆ ಬರಲೇ ಒಂದು ನಿಮಿಷ ಬೇಕು.

ಡೈವಿಂಗ್ ಕೇಂದ್ರದವರು ಕೊಡುವ 12 ಲೀಟರ್ ಸಿಲಿಂಡರ್‌ನಲ್ಲಿ 2,400 ಲೀಟರ್ ಇರುತ್ತದೆ. 50 ಬಾರ್‌ನಷ್ಟು ತುರ್ತಿಗೆ ಉಳಿಸಿಕೊಂಡರೂ 10 ಮೀಟರ್‌ನಲ್ಲಿ ಮುಕ್ಕಾಲು ಗಂಟೆ ಶಾಂತವಾಗಿ ಉಸಿರಾಡಬಹುದು. ಹೊರಲು ಭಾರ, ನಿಜ. ಆ ಭಾರ ದೋಣಿಯ ಮೇಲೆ ಮಾತ್ರ, ನೀರೊಳಗೆ ಅದು ಗೊತ್ತೇ ಆಗುವುದಿಲ್ಲ.

ಮೈಮೇಲಿನ ಒಂದೊಂದು ವಸ್ತುವೂ ಯಾಕೆ

ಮಾಸ್ಕ್‌ನಿಂದ ಶುರು ಮಾಡೋಣ. ಈಜುಕೊಳದ ಕನ್ನಡಕ ಹಾಕಿಕೊಂಡು ಹೋದರಾಗದೇ? ಆಗದು. ಆಳಕ್ಕೆ ಹೋದಂತೆ ಕನ್ನಡಕದೊಳಗಿನ ಗಾಳಿ ಕುಗ್ಗಿ, ಅದು ಕಣ್ಣನ್ನು ಹೀರತೊಡಗುತ್ತದೆ. ಕಣ್ಣಿನ ಬಿಳಿಯಲ್ಲಿ ರಕ್ತ ಕಟ್ಟುತ್ತದೆ. ಸ್ಕೂಬಾ ಮಾಸ್ಕ್ ಮೂಗನ್ನೂ ಮುಚ್ಚುವುದು ಇದಕ್ಕೇ, ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಒಳಗಿನ ಒತ್ತಡ ಸರಿದೂಗಿಸಬಹುದು. ಮಾಸ್ಕ್ ಮೇಲಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿಯ ನೋವೂ ಇಳಿಯುತ್ತದೆ. ಮೇಲೆ ಮೇಲೆ ಈಜುತ್ತಾ ನೋಡಲು ಮಾರುವ ಪೂರ್ತಿ ಮುಖದ ಸ್ನಾರ್ಕೆಲ್ ಮಾಸ್ಕ್‌ಗೂ ಸ್ಕೂಬಾಗೂ ಸಂಬಂಧವಿಲ್ಲ, ಅದರಲ್ಲಿ ಮೂಗು ಹಿಡಿಯಲು ಬರುವುದಿಲ್ಲ.

ರೆಗ್ಯುಲೇಟರ್‌ದು ಒಂದು ಸ್ವಾರಸ್ಯದ ಕಥೆ. ಸಿಲಿಂಡರ್‌ನ 200 ಬಾರ್ ಗಾಳಿ ನೇರ ಬಾಯಿಗೆ ಬಂದರೆ ಶ್ವಾಸಕೋಶ ಉಳಿಯದು. ನಾವಿರುವ ಆಳದ ಒತ್ತಡಕ್ಕೆ ತಕ್ಕಷ್ಟೇ, ಎಳೆದಾಗ ಮಾತ್ರ ಗಾಳಿ ಕೊಡುವ ಯಂತ್ರವನ್ನು 1943ರಲ್ಲಿ ಫ್ರಾನ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಲು ಗಾನ್ಯಾ ಮಾಡಿದ್ದ ಕವಾಟವೇ ಇದರ ಮೂಲ. ನಮ್ಮ ಅಡುಗೆ ಗ್ಯಾಸ್‌ನ ರೆಗ್ಯುಲೇಟರ್‌ಗೆ ದೂರದ ನೆಂಟ ಎನ್ನಬಹುದು.

ಕೂಸ್ಟೋ ಕಾಲದವರು ಇಷ್ಟರಲ್ಲೇ ಸಮುದ್ರ ಸುತ್ತಿದರಲ್ಲವೇ ಎಂಬ ವಾದ ಕೇಳಿಬರುತ್ತದೆ. ಹೌದು. ಗಾಳಿ ತುಂಬುವ ಜಾಕೆಟ್ ಇರಲಿಲ್ಲ, ಎರಡನೇ ನಳಿಗೆ ಇರಲಿಲ್ಲ, ಅನೇಕರ ಬಳಿ ಸಿಲಿಂಡರ್‌ನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಕೂಡ ಇರಲಿಲ್ಲ. ಉಸಿರು ಎಳೆಯುವುದು ಕಷ್ಟವಾದಾಗ ಒಂದು ತಂತಿ ಎಳೆದು ಮೀಸಲು ಗಾಳಿ ಬಿಡಿಸಿಕೊಳ್ಳುತ್ತಿದ್ದರು. ಆದರೆ ಅವರು ನೀರಿನಲ್ಲೇ ಬೆಳೆದ ಈಜುಗಾರರು, ಬಹಳಷ್ಟು ಮಂದಿ ನೌಕಾಪಡೆಯವರು. ಹಾಗಿದ್ದೂ ಸತ್ತರು. ಆಮೇಲೆ ಸೇರಿದ ಒಂದೊಂದು ವಸ್ತುವಿನ ಹಿಂದೆಯೂ ಇಂಥ ಸಾವುಗಳ ಪಾಠವಿದೆ. ಬದುಕಿ ಬಂದವರ ಸಾಹಸ ಮಾತ್ರ ಕಥೆಯಾಗುತ್ತದೆ ಎಂಬುದನ್ನು ಮರೆತರೆ ಈ ವಾದ ಬಹಳ ಚೆನ್ನಾಗಿ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ‘ಅನಗತ್ಯ’ ಎನಿಸಿಕೊಳ್ಳುವುದು ಹಳದಿ ಬಣ್ಣದ ಎರಡನೇ ನಳಿಗೆ. ಡೈವರ್‌ಗಳು ಇದನ್ನು ಆಕ್ಟೋಪಸ್ ಎನ್ನುತ್ತಾರೆ. ಡೈವ್ ಎಲ್ಲ ಸರಿಯಾಗಿ ನಡೆದರೆ ಅದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಸುಮ್ಮನೆ ನೇತಾಡುವ ವಸ್ತುವಿನಂತೆ ಕಾಣುತ್ತದೆ. ಅದು ಇರುವುದು ನಿಮಗಾಗಿ ಅಲ್ಲ, ನಿಮ್ಮ ಜೊತೆಗಾರನಿಗಾಗಿ. ಅವನ ಗಾಳಿ ಮುಗಿದರೆ ನಿಮ್ಮ ಸಿಲಿಂಡರ್‌ನಿಂದ ಇಬ್ಬರೂ ಉಸಿರಾಡುತ್ತಾ ಮೇಲೆ ಬರಬಹುದು. ಅದಿಲ್ಲದಿದ್ದರೆ ಒಂದೇ ನಳಿಗೆಯನ್ನು ಇಬ್ಬರೂ ಸರದಿಯಲ್ಲಿ ಬಳಸಬೇಕು. ಉಸಿರುಗಟ್ಟಿದವನು ಸರದಿ ಕಾಯುತ್ತಾನೆಯೇ? ಬಾವಿಯಲ್ಲಿ ಮುಳುಗುತ್ತಿರುವವನು ಉಳಿಸಲು ಹೋದವನ ಕುತ್ತಿಗೆ ಅಮರಿಕೊಳ್ಳುವುದನ್ನು ನಮ್ಮ ಊರುಗಳಲ್ಲಿ ಕಂಡವರಿದ್ದಾರೆ.

ಜಾಕೆಟ್‌ಗೆ ಬಿಸಿಡಿ ಎನ್ನುತ್ತಾರೆ. ಗಾಳಿ ತುಂಬಿದರೆ ತೇಲುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ದೋಣಿಗೆ ಕಾಯುವಾಗ ನೀರಿನ ಮೇಲೆ ನಿಮ್ಮನ್ನು ಹಿಡಿದಿಡುವುದು ಇದೇ. ಹಳ್ಳಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಸೋರೆಬುರುಡೆಯನ್ನೋ ಖಾಲಿ ಡಬ್ಬವನ್ನೋ ಕಟ್ಟುತ್ತಿದ್ದರಲ್ಲ, ಅದರ ಸುಧಾರಿತ ರೂಪ. ಅದರ ಜೊತೆ ಮುಳುಗಲು ಸೀಸದ ತೂಕ, ಗಾಳಿಯ ಮೀಟರ್, ಆಳ ತೋರಿಸುವ ಮೀಟರ್ ಅಥವಾ ಕೈಗಡಿಯಾರದಂಥ ಡೈವ್ ಕಂಪ್ಯೂಟರ್, ಕಾಲಿಗೆ ಫಿನ್. ಅರಬ್ಬಿ ಸಮುದ್ರ ಬೆಚ್ಚಗಿದ್ದರೂ ನೀರು ಗಾಳಿಗಿಂತ ಬಹಳ ಬೇಗ ಮೈಯ ಶಾಖ ಹೀರುತ್ತದೆ, ಹವಳ ಮತ್ತು ಬಂಡೆ ತರಚುತ್ತವೆ. ಅದಕ್ಕೇ ತೆಳುವಾದ ವೆಟ್‌ಸೂಟ್.

ಇವುಗಳಲ್ಲಿ ತೆಗೆದುಹಾಕಬಹುದಾದದ್ದು ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಸ್ನಾರ್ಕೆಲ್ ಒಂದೇ. ಅದೂ ಬೋಧಕರು ಬೇಡವೆಂದರೆ.

ಹಾಗಾದರೆ ‘ಕಡಿಮೆ ಸಲಕರಣೆ’ ತತ್ವ ಎಲ್ಲಿಂದ ಬಂತು?

ಅದು ಸುಳ್ಳು ತತ್ವವಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ನೀರು ತುಂಬಿದ ಉದ್ದುದ್ದ ಗುಹೆಗಳಿವೆ. ಅಲ್ಲಿ ಈಜುವವರಿಗೆ ಮೇಲೆ ಬಂಡೆಯ ಸೂರು, ಎದ್ದು ಬರಲು ದಾರಿಯಿಲ್ಲ. ನೇತಾಡುವ ಒಂದು ಕೊಕ್ಕೆ ದಾರಕ್ಕೆ ಸಿಕ್ಕಿಕೊಂಡರೂ ಕಥೆ ಮುಗಿಯಿತು. ವಿಲಿಯಂ ಹೊಗಾರ್ತ್ ಮೇನ್ ಎಂಬ ಗುಹಾ ಡೈವರ್ ಬೇಡದ್ದನ್ನೆಲ್ಲ ಕಿತ್ತು, ಬೇಕಾದ್ದನ್ನು ಮೈಗೆ ಅಂಟಿಸಿದಂತೆ ಜೋಡಿಸುವ ಕ್ರಮ ರೂಢಿಗೆ ತಂದರು. ಅವರ ಹೆಸರಿನಿಂದಲೇ ಅದಕ್ಕೆ ‘ಹೊಗಾರ್ತಿಯನ್’ ಎಂಬ ಹೆಸರು ಬಂತು. 1990ರ ದಶಕದಲ್ಲಿ ಅದರಿಂದಲೇ ‘ಡೂಯಿಂಗ್ ಇಟ್ ರೈಟ್’ ಎಂಬ ಪಂಥ ಬೆಳೆಯಿತು.

ರೀಲ್‌ಗಳು ಹೇಳದ ಭಾಗ ಇನ್ನೂ ಇದೆ. ಈ ‘ಮಿತವ್ಯಯಿ’ ಡೈವರ್‌ಗಳು ಒಬ್ಬೊಬ್ಬರೂ ಎರಡು ರೆಗ್ಯುಲೇಟರ್, ಮೂರು ಟಾರ್ಚ್ ಒಯ್ಯುತ್ತಾರೆ. ಜೊತೆಗಾರನಿಗೆ ಕೊಡಲೆಂದು ಒಂದು ನಳಿಗೆಯನ್ನು ಸುಮಾರು ಎರಡು ಮೀಟರ್ ಉದ್ದ ಇಟ್ಟಿರುತ್ತಾರೆ. ಅಂದರೆ ಅವರು ಕಡಿಮೆ ಮಾಡಿದ್ದು ಜೋತಾಡುವ ಅಲಂಕಾರವನ್ನು, ಜೀವ ಉಳಿಸುವುದನ್ನಲ್ಲ. ಅದರ ಮೊದಲಾರ್ಧ ಮಾತ್ರ ಕತ್ತರಿಸಿ ‘ಮಾಸ್ಕ್ ಸಾಕು’ ಎಂದು ಮಾಡಿದ್ದು ಮೊಬೈಲ್ ಯುಗದ ಕೈಚಳಕ.

ಈ ತತ್ವದಿಂದ ಹೊಸಬರು ನಿಜವಾಗಿ ತೆಗೆದುಕೊಳ್ಳಬೇಕಾದ್ದು ಬೇರೆ. ಸೆಲ್ಫಿ ಸ್ಟಿಕ್, ಕೈಯಲ್ಲಿ ಕ್ಯಾಮೆರಾ, ಸೊಂಟಕ್ಕೆ ಚಾಕು, ಕುತ್ತಿಗೆಯಲ್ಲಿ ಸರ ಇವೆಲ್ಲ ದಡದಲ್ಲೇ ಇರಲಿ. ಮೊದಲ ಡೈವ್‌ನಲ್ಲಿ ನಿಮ್ಮ ಗಮನಕ್ಕೆ ಎರಡೇ ಕೆಲಸ: ಉಸಿರಾಡುವುದು, ಬೋಧಕರ ಕೈಸನ್ನೆ ನೋಡುವುದು. ವಿಡಿಯೋ ಬೇಕಿದ್ದರೆ ಕೇಂದ್ರದವರಿಗೇ ತೆಗೆಯಲು ಹೇಳಿ.

ಹಣದ ವಿಷಯದಲ್ಲೂ ಕಡಿಮೆಯೇ ಸರಿ. ಒಂದು ಸಾಧಾರಣ ರೆಗ್ಯುಲೇಟರ್‌ಗೇ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಕಾಲಕಾಲಕ್ಕೆ ಸರ್ವಿಸ್ ಬೇಕು, ಸಿಲಿಂಡರ್‌ಗೆ ಒತ್ತಡ ಪರೀಕ್ಷೆ ಬೇಕು. ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗುವವರು ಇದನ್ನೆಲ್ಲ ಕೊಂಡು ಅಟ್ಟದ ಮೇಲಿಟ್ಟರೆ ರಬ್ಬರ್ ಒಣಗುವುದೊಂದೇ ಲಾಭ. ಬಾಡಿಗೆಯೇ ಸಾಕು. ಕೊಳ್ಳಲೇಬೇಕೆಂದರೆ ನಿಮ್ಮ ಮುಖಕ್ಕೆ ಸರಿಹೊಂದುವ ಮಾಸ್ಕ್ ಒಂದನ್ನು ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಲಘುವಾಗಿ ಎಳೆದುಕೊಂಡಾಗ ಬೀಳದೆ ನಿಂತರೆ ಅದು ನಿಮ್ಮದು. ದೊಡ್ಡ ಮೀಸೆಯವರಿಗೆ ಒಂದು ಕಿವಿಮಾತು: ಕೂದಲಿನ ಸಂದಿಯಿಂದ ನೀರು ಒಸರುತ್ತದೆ.

ಉಸಿರು ಹಿಡಿಯಬೇಡಿ

ಯಾವ ಸಲಕರಣೆಯೂ ತಡೆಯಲಾಗದ ಒಂದು ಅಪಾಯವಿದೆ, ಅದು ನಮ್ಮ ಅಭ್ಯಾಸದಿಂದಲೇ ಬರುವಂಥದ್ದು. ಬಾವಿ, ಕಲ್ಯಾಣಿಗಳಲ್ಲಿ ಧುಮುಕಿ ಬೆಳೆದವರಿಗೆ ನೀರೊಳಗೆ ಹೋಗುವುದೆಂದರೆ ಉಸಿರು ಕಟ್ಟುವುದು. ಸ್ಕೂಬಾದಲ್ಲಿ ಇದು ತಲೆಕೆಳಗು. 10 ಮೀಟರ್ ಆಳದಲ್ಲಿ ಸಿಲಿಂಡರ್‌ನಿಂದ ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಬಿಗಿದು ಮೇಲೆ ಚಿಮ್ಮಿದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಒಂದೂವರೆ ಮೀಟರ್ ಆಳದಿಂದ ಎದ್ದರೂ ಹೀಗಾಗುವ ಸಾಧ್ಯತೆ ಇದೆ. ಅಂದರೆ ನಮ್ಮೆದೆಯಷ್ಟು ನೀರು.

ಆದ್ದರಿಂದಲೇ ಸಣ್ಣ ಸಿಲಿಂಡರನ್ನು ‘ಆಟದ ಸಾಮಾನು’ ಎಂದು ಮಕ್ಕಳ ಕೈಗೆ ಕೊಡಬಾರದು. ಸಿಲಿಂಡರ್‌ನಿಂದ ಒಂದೇ ಒಂದು ಉಸಿರು ಎಳೆದರೂ ಈ ನಿಯಮ ಅನ್ವಯಿಸುತ್ತದೆ: ಸದಾ ಉಸಿರಾಡುತ್ತಿರಿ, ಮೇಲೆ ಬರುವಾಗ ನಿಧಾನವಾಗಿ ಹೊರಬಿಡುತ್ತಾ ಬನ್ನಿ.

‘ಈಜು ಬರದಿದ್ದರೂ ಪರವಾಗಿಲ್ಲ’

ನೇತ್ರಾಣಿಯ ಜಾಹೀರಾತುಗಳಲ್ಲಿ ಈ ಸಾಲು ಸಾಮಾನ್ಯ. ಇದು ಅರ್ಧ ನಿಜ. ಬೋಧಕರು ಜೊತೆಯಲ್ಲೇ ಇದ್ದು 12 ಮೀಟರ್ ಮೀರದಂತೆ ಮಾಡಿಸುವ ‘ಪರಿಚಯ ಡೈವ್’ಗೆ ಈಜು ಕಡ್ಡಾಯವಲ್ಲ. 18 ಮೀಟರ್‌ವರೆಗೆ ಹೋಗಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸ್‌ಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಪರಿಚಯ ಡೈವ್ ಮಾಡಿಬಂದವರು ತಾವು ಡೈವರ್ ಆದೆವೆಂದು ತಿಳಿಯುವುದೇ ಅಪಾಯದ ಮೊದಲ ಮೆಟ್ಟಿಲು. ಅಲ್ಲಿ ನಿಮ್ಮ ಜಾಕೆಟ್, ಆಳ, ಗಾಳಿ ಎಲ್ಲವನ್ನೂ ನೋಡಿಕೊಂಡವರು ಬೇರೆಯವರು.

ಸಮುದ್ರ ನೋಡದೆ ಬೆಳೆದ ನಮಗೆ ಈ ಮಾತು ಬೇಗ ತಟ್ಟಬೇಕು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಸ್ಕೂಬಾ ಅಲ್ಲ, ದಡದ ಅಲೆಯಲ್ಲಿ ಆಡುವಾಗ ನಡೆದದ್ದು. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯುತ್ತಾರೆ. ಇವರಲ್ಲಿ ಸ್ಕೂಬಾ ಮಾಡಿದವರು ಲೆಕ್ಕಕ್ಕೇ ಸಿಗುವುದಿಲ್ಲ, ಕೆರೆ, ಬಾವಿ, ಹೊಂಡ, ಅಲೆಗಳಿಗೆ ಸಿಕ್ಕವರೇ ಎಲ್ಲ. ಸಲಕರಣೆಗೆ ಖರ್ಚು ಮಾಡಲು ಇಟ್ಟ ಹಣವಿದ್ದರೆ ಅದನ್ನು ಈಜು ತರಬೇತಿಗೆ ಕೊಡಿ, ಮಕ್ಕಳನ್ನೂ ಸೇರಿಸಿ.

ನಮ್ಮ ಕೆರೆ, ಕ್ವಾರಿಯಲ್ಲಿ ‘ಪ್ರಾಕ್ಟೀಸ್’ ಬೇಡ

ಬಹಳ ವರ್ಷ ಒಣಗಿದ್ದ ಕೋಲಾರದ ಕೆರೆಗಳಲ್ಲಿ ಈಗ ನೀರಿದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿತು, ಆಮೇಲೆ ಒಂದೊಂದೇ ಕೆರೆ ತುಂಬಿತು. 2021ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ನೀರು ನೋಡಿದಾಗ ಇಳಿಯುವ ಆಸೆ ಸಹಜ. ಆದರೆ ಆ ಯೋಜನೆಯ ನೀರು ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು, ಅಂತರ್ಜಲ ಹೆಚ್ಚಿಸಲು ಬಿಟ್ಟದ್ದು, ಮೂಗು ಬಾಯಿಗೆ ಹೋಗಲೆಂದಲ್ಲ. ಒಣಗಿದ್ದ ಕಾಲದಲ್ಲಿ ಕೆರೆಯಂಗಳದಲ್ಲಿ ಬೆಳೆದ ಜಾಲಿಯ ಮುಳ್ಳುಕೊಂಬೆಗಳು, ಇಟ್ಟಿಗೆಗೆಂದು ಮಣ್ಣು ತೆಗೆದ ಗುಂಡಿಗಳು ಕೆಸರುನೀರಿನಡಿ ಕಾಣುವುದಿಲ್ಲ. ಇಂಥ ನೀರಲ್ಲಿ ಮಾಸ್ಕ್ ಹಾಕಿದರೂ ನಿಮ್ಮ ಕೈ ನಿಮಗೇ ಕಾಣದು.

ಕೃಷಿ ಹೊಂಡ ಇನ್ನೂ ಕೆಟ್ಟದು. ಪ್ಲಾಸ್ಟಿಕ್ ಹೊದಿಕೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಅಲ್ಲಿ ಬೇಕಾದ ಸಲಕರಣೆ ಸ್ಕೂಬಾ ಕಿಟ್ ಅಲ್ಲ, ಸುತ್ತ ಬೇಲಿ ಮತ್ತು ಅಂಚಿನಿಂದ ನೀರಿಗೆ ಇಳಿಬಿಟ್ಟ ಗಂಟು ಹಾಕಿದ ಒಂದು ಹಗ್ಗ. ಮಿನಿಮಲಿಸಂ ಎಂದರೆ ನಿಜವಾಗಿ ಇದು.

ಕಲ್ಲು ಕ್ವಾರಿಯ ನೀರು ತಿಳಿಯಾಗಿರುತ್ತದೆ, ಅದಕ್ಕೇ ಮೋಸ ಮಾಡುತ್ತದೆ. ದಡದಿಂದ ಒಂದೇ ಹೆಜ್ಜೆಗೆ ಹತ್ತಾರು ಅಡಿ ಆಳ.

ಮರಳಿ ಬರುವಾಗ ಘಟ್ಟ ಇದೆ

ಯಾವ ರೀಲ್‌ನಲ್ಲೂ ನಮಗೆ ಕಾಣದ, ಆದರೆ ಕೋಲಾರದವರಿಗೆ ಮುಖ್ಯವಾದ ಸಂಗತಿ ಇದು. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತ, ಮಾಂಸಖಂಡಗಳಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಮೂಲಕ ಹೊರಹೋಗುತ್ತದೆ. ಅಷ್ಟರೊಳಗೆ ಸುತ್ತಲಿನ ಒತ್ತಡ ಇಳಿದರೆ ಅದು ಗುಳ್ಳೆಗಟ್ಟಬಹುದು, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ. ಕೀಲು ನೋವು, ಜೋಮು, ಅತಿಯಾದ ಸುಸ್ತು ಇದರ ಲಕ್ಷಣ.

ಹಾಗಾಗಿ ಡೈವ್ ಆದ ತಕ್ಷಣ ವಿಮಾನ ಹತ್ತಬಾರದು ಎನ್ನುತ್ತಾರೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಬಿಡುವುದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಈ ಲೆಕ್ಕ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ನಾವು ವಿಮಾನ ಹತ್ತುವುದಿಲ್ಲ ನಿಜ, ಆದರೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿದರೂ, ರೈಲು ಹಿಡಿದು ಸಕಲೇಶಪುರದ ಘಟ್ಟದಲ್ಲಿ ಬಂದರೂ ಅದೇ ಎತ್ತರಕ್ಕೆ ಏರುತ್ತಿದ್ದೇವೆ.

ಹೆದರಬೇಕಿಲ್ಲ. ಕಡಿಮೆ ಆಳದ, ಇಪ್ಪತ್ತು ನಿಮಿಷದ ಒಂದು ಪರಿಚಯ ಡೈವ್‌ನಲ್ಲಿ ಸೇರುವ ಸಾರಜನಕ ಬಹಳ ಕಡಿಮೆ, ತೊಂದರೆ ಅಪರೂಪ. ಕೋರ್ಸ್ ಮಾಡಿ ದಿನಕ್ಕೆ ಎರಡು ಮೂರು ಸಲ ಇಳಿಯುವವರಿಗೆ ಮಾತ್ರ ಇದು ಗಂಭೀರ. ಅಂಥವರು ಅದೇ ಸಂಜೆ ಟಿಟಿ ಹತ್ತುವ ಬದಲು ಮುರುಡೇಶ್ವರದಲ್ಲೇ ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ದೇವಸ್ಥಾನ ಎಲ್ಲ ನೋಡಿಕೊಂಡು, 18 ಗಂಟೆ ಕಳೆದ ಮೇಲೆ ಹೊರಟರೆ ಸರಿ. ಊರಿಗೆ ಬಂದ ಮೇಲೆ ಮೇಲೆ ಹೇಳಿದ ಲಕ್ಷಣ ಕಂಡರೆ ‘ಪ್ರಯಾಣದ ಆಯಾಸ’ ಎಂದು ಮಾತ್ರೆ ನುಂಗಿ ಮಲಗದೆ, ಡೈವ್ ಮಾಡಿ ಬಂದಿದ್ದನ್ನು ವೈದ್ಯರಿಗೆ ಹೇಳಿ. ಸಮುದ್ರವಿಲ್ಲದ ಊರಿನ ವೈದ್ಯರು ತಾವಾಗಿ ಅದನ್ನು ಕೇಳುವ ಸಂಭವ ಕಡಿಮೆ.